ಶಾಲಿನ ಹಿಂದಿನ ದಿಂಬು

ಕಡಲಾಚೆಯ ವುಡ್‌ಬ್ರಿಡ್ಜ್ ಊರಿನಲ್ಲಿರುವ ಈರೇಶನ ಮನೆಗೆ ಯಾರೇ ಬರಲಿ, ಅವನ ಹೆಂಡತಿ ಗುರುಬಸವ್ವ ಮೊದಲು ಮಗಳನ್ನು ಸಿಂಗರಿಸುತ್ತಾಳೆ. ಒಂಬತ್ತು ವರ್ಷದ ಚೈತನ್ಯಾಗೆ ಹುಟ್ಟಿದಾಗಿನಿಂದ ಕೈಕಾಲಿನಲ್ಲಿ ಬಲವಿಲ್ಲ. ಅವಳನ್ನು ಎತ್ತಿ ಎತ್ತಿ ತಾಯಿಯ ಸೊಂಟ ಹಿಡಿದುಬಿಟ್ಟಿತ್ತು. ಇನ್ನು ಭಾರ ಎತ್ತಲೇಬಾರದೆಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಈರೇಶನಿಗೆ ಫ್ಯಾಕ್ಟರಿಯ ಶಿಫ್ಟು. ಹಾಗಾದರೆ ಮಗುವನ್ನು ಎತ್ತುವವರು ಯಾರು?

ಮನೆಗೇ ಬಂದು ಆರೈಕೆ ಮಾಡುವ ಸಹಾಯಕಿ ಸರ್ಕಾರದಿಂದ ಸಿಗುತ್ತಾರೆಂದು ಪಕ್ಕದ ಮನೆಯ ನೀರಜಾ ಈರೇಶನಿಂದ ಅರ್ಜಿ ಹಾಕಿಸಿದ್ದಳು. ಮಗುವಿಗೆ ದೀರ್ಘಕಾಲದ ಆರೈಕೆ ಬೇಕೇ ಎಂದು ನೋಡಲು ೨೦೦೩ರ ಫೆಬ್ರುವರಿಯಲ್ಲಿ ಒಬ್ಬ ಮಹಿಳಾ ಅಧಿಕಾರಿ ಬಂದರು.

ಗುರುಬಸವ್ವ ತನ್ನ ಅಭ್ಯಾಸ ಬಿಡಲಿಲ್ಲ. ಮಗಳಿಗೆ ಉಣಿಸಿ, ದೀಪಾವಳಿಯ ಫ್ರಾಕು ತೊಡಿಸಿ, ಸೋಫಾದ ಮೇಲೆ ದಿಂಬು ಆನಿಸಿ ಕೂರಿಸಿದಳು. ದಿಂಬು ಕಾಣದಂತೆ ಶಾಲು ಹೊದಿಸಿದಳು. ಚೈತನ್ಯಾ ರಾಣಿಯ ಹಾಗೆ ಕೂತಳು.

ಒಬ್ಬಳೇ ಕೂರುತ್ತಾಳಾ ಎಂದು ಅಧಿಕಾರಿ ಕೇಳಿದರು. ಕೂರುತ್ತಾಳೆ ಎಂದು ಈರೇಶ ಇಂಗ್ಲಿಷಿನಲ್ಲಿ ಎದೆಯುಬ್ಬಿಸಿ ಹೇಳಿದ. ಉಣ್ಣುತ್ತಾಳೆ, ನಿದ್ದೆಯೂ ಸಲೀಸು, ಏನೂ ತೊಂದರೆ ಇಲ್ಲ. ಸಹಾಯ ಕೇಳಿದವನೂ ಅವನೇ!

ಅಧಿಕಾರಿ ಬರೆದದ್ದನ್ನು ಓದಿ ಹೇಳಿದರು. ಜೊತೆಗೆ ಬಂದು ಕೂತಿದ್ದ ನೀರಜಾ ಅದನ್ನು ಗುರುಬಸವ್ವನಿಗೆ ಕನ್ನಡದಲ್ಲಿ ತಿಳಿಸಿದಳು. ಸೈನ್ ಹಾಕಿದರೆ ಇದೇ ಅಂತಿಮ. ಈರೇಶ ಪೆನ್ನು ತೆಗೆದ.

"ಅಣ್ಣಾರ, ತಡೀರಿ," ಎಂದಳು ನೀರಜಾ. "ಇದನ್ನ ಓದಿದವ್ರು ಈ ಹುಡುಗಿಗೆ ಏನೂ ಬ್ಯಾಡ ಅಂತಾರ."

"ಮನಿಗೆ ಬಂದವ್ರ ಮುಂದ ಮಗಳಿಗೆ ಅದು ಬರೂದಿಲ್ಲ, ಇದು ಬರೂದಿಲ್ಲ ಅನ್ನೂದು ಚಂದ ಏನವಾ? ನಮ್ಮ ಕೈಲೆ ಆಗೂದಿಲ್ಲ ಅಂದ್ರ ಕೂಸನ್ನ ಕರ್ಕೊಂಡು ಹೋದ್ರ?" ಎಂದ ಈರೇಶ.

"ಅವ್ರನ್ನೇ ಕೇಳ್ರಿ ಮತ್ತ."

ಈರೇಶ ಕೇಳಿಯೇಬಿಟ್ಟ. ಮಗು ನಿಮ್ಮ ಹತ್ತಿರವೇ ಇರಲಿ ಎಂದೇ ಈ ಸಹಾಯ ಎಂದರು ಅಧಿಕಾರಿ. ಈರೇಶ ಇನ್ನೂ ಅನುಮಾನಿಸುತ್ತಿದ್ದ.

"ಅವ್ವ ಲಿಫ್ಟ್ಸ್ ಮಿ," ಎಂದಳು ಚೈತನ್ಯಾ. "ದೆನ್ ಶಿ ಕ್ರೈಸ್ ಇನ್ ದ ಬಾತ್‌ರೂಮ್."

ಮಗಳನ್ನು ಎತ್ತಿದ ಮೇಲೆ ಹೆಂಡತಿ ಬಚ್ಚಲಲ್ಲಿ ಅಳುವುದು ಈರೇಶನಿಗೆ ಗೊತ್ತಿರಲಿಲ್ಲ. ಮಗಳ ಅಷ್ಟು ಇಂಗ್ಲಿಷು ತಿಳಿಯುತ್ತಿದ್ದ ಗುರುಬಸವ್ವನಿಗೆ ನಾಚಿಕೆಯಾಯಿತು, ದುಃಖವೂ ಉಕ್ಕಿತು. ಎದ್ದು ಬಂದು ಮಗಳ ಪಕ್ಕ ಕೂತಳು. "ಅಂಜಬ್ಯಾಡ ಪುಟ್ಟಿ," ಎನ್ನುತ್ತ ಬೆನ್ನಿಗೆ ಕೈ ಕೊಟ್ಟು, ಶಾಲು ಸರಿಸಿ ದಿಂಬು ತೆಗೆದಳು. ಮಗು ವಾಲಿ ತಾಯಿಯ ಭುಜಕ್ಕೆ ಬಂತು.

"ಹಿಂಗರಿ," ಎಂದಳು ಗುರುಬಸವ್ವ. "ಬರ್ಕೊಳ್ರಿ."

ಕನ್ನಡ ಬಾರದ ಅಧಿಕಾರಿಗೂ ಅದು ಅರ್ಥವಾಯಿತು. ಮೊದಲಿನದನ್ನು ಹೊಡೆದುಹಾಕಿ ಹೊಸದಾಗಿ ಬರೆದರು. ತುತ್ತು ಮಾಡಿ ಬಾಯಿಗಿಡುವುದು, ರಾತ್ರಿ ಎದ್ದೆದ್ದು ಮಗ್ಗುಲು ಬದಲಿಸುವುದು, ಜ್ವರ ಬಂದ ದಿನಗಳ ಪಾಡು, ಎಲ್ಲವನ್ನೂ ಈ ಸಲ ಗುರುಬಸವ್ವನೇ ಹೇಳಿದಳು, ನೀರಜಾ ಇಂಗ್ಲಿಷಿಗೆ ತಿರುಗಿಸಿದಳು. ಭಾರ ಎತ್ತಬಾರದೆಂಬ ಡಾಕ್ಟರ ಪತ್ರವೂ ಅದರ ಜೊತೆ ಸೇರಿತು. ಇನ್ನೊಮ್ಮೆ ಓದಿಸಿಕೊಂಡು ಈರೇಶ ಸೈನ್ ಹಾಕಿದ, ಒಂದು ಪ್ರತಿ ಇಟ್ಟುಕೊಂಡ.

ಏಪ್ರಿಲ್‌ನಿಂದ ದಿನಾ ಬೆಳಿಗ್ಗೆ ಸಹಾಯಕಿ ಬರುತ್ತಾರೆ. ಗುರುಬಸವ್ವನ ಸೊಂಟ ಪೂರ್ತಿ ವಾಸಿಯಾಗಿಲ್ಲ. ಆದರೆ ಈಗ ಮಗಳ ಜಡೆ ಹೆಣೆಯುವಾಗ ಅವಳು ಹಾಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಹೀಗೆ ನೋಡಲು ಬಂದರೆ ಕಷ್ಟದ ದಿನ ಹೇಗಿರುತ್ತದೋ ಹಾಗೇ ಹೇಳಿ. ಮಗುವಿಗಾಗಿ ನೀವು ಮಾಡುವುದನ್ನು ಒಂದೂ ಬಿಡಬೇಡಿ. ಭಾಷೆ ಬಾರದಿದ್ದರೆ ದುಭಾಷಿ ಬೇಕೆಂದು ಕೇಳಿ. ಬರೆದದ್ದನ್ನು ಓದಿಸಿಕೊಂಡು ಆಮೇಲೆ ಸೈನ್ ಹಾಕಿ. ಬಂದವರ ಮುಂದೆ ದಿಂಬನ್ನು ಬಚ್ಚಿಡಬೇಡಿ.