ಹೀಟ್ ಪಂಪು ಕೆಟ್ಟ ದಿನ ಲೋಹಿತನ ಇಂಟರ್‌ವ್ಯೂ

ನಾನು ಮಾಡಿದ್ದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ನೀವು ಏನು ಬೇಕಾದರೂ ಅಂದುಕೊಳ್ಳಿ.

ಎರಡು ಸಾವಿರದ ಒಂದನೇ ಇಸವಿಯ ಜನವರಿ. ಡಾಟ್‌ಕಾಮ್ ಕಂಪನಿಗಳು ಒಂದರ ಹಿಂದೊಂದು ಬಾಗಿಲು ಹಾಕುತ್ತಿದ್ದವು. ವೆಂಕಟೇಶ್ ಎಂಬ ನಮ್ಮವರೇ ಒಬ್ಬರು ಊರಿನಿಂದ ಎಂಜಿನಿಯರುಗಳನ್ನು ಕರೆಸಿ, ಇಲ್ಲಿನ ಕಂಪನಿಗಳಿಗೆ ಬಾಡಿಗೆಗೆ ಕೊಡುವ ವ್ಯವಹಾರ ನಡೆಸುತ್ತಿದ್ದರು. ಸ್ಯಾನ್ ಮಟಿಯೋದಲ್ಲಿ ಅವರದೊಂದು ಗೆಸ್ಟ್ ಹೌಸಿತ್ತು. ಅದರಲ್ಲಿ ಹುಬ್ಬಳ್ಳಿಯ ಶಶಿಧರನಾದ ನಾನು ಮತ್ತು ಮಂಡ್ಯ ಕಡೆಯ ಲೋಹಿತ್ ಇಬ್ಬರೂ ಮೂರು ತಿಂಗಳಿಂದ 'ಬೆಂಚಿನ ಮೇಲೆ' ಕೂತಿದ್ದೆವು. ಬೆಂಚು ಎಂದರೆ ಪ್ರಾಜೆಕ್ಟ್ ಇಲ್ಲದೆ, ಯಾರು ಕರೆದಾರೆಂದು ಫೋನನ್ನೇ ನೋಡುತ್ತ ಕೂರುವುದು. ಇನ್ನೊಂದು ಕೋಣೆಯಲ್ಲಿ ಶ್ರೀಕಂಠನ ಸಂಸಾರ. ಅವನಿಗೆ ವಾಲ್ನಟ್ ಕ್ರೀಕಿನಲ್ಲಿ ಪ್ರಾಜೆಕ್ಟ್ ಇತ್ತು. ಬೆಳಗಾಗುವ ಮೊದಲೇ ಹೊರಟುಬಿಡುತ್ತಿದ್ದ. ಹಗಲೆಲ್ಲ ಮನೆಯಲ್ಲಿ ಅವನ ಹೆಂಡತಿ ಬಿಂದುಶ್ರೀ ಮತ್ತು ಹತ್ತು ತಿಂಗಳ ಮಗು ನಿಸರ್ಗಾ.

ವೆಂಕಟೇಶ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಖಡಾಖಂಡಿತವಾಗಿ ಹೇಳಿದ್ದರು. ಈ ತಿಂಗಳ ಕೊನೆಗೆ ಪ್ರಾಜೆಕ್ಟ್ ಸಿಕ್ಕವನು ಇರುತ್ತಾನೆ, ಸಿಗದವನಿಗೆ ಊರಿನ ಟಿಕೆಟ್. ಕೆಲಸ ಹೋದರೆ ವೀಸಾವೂ ಹೋಯಿತು, ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಗ ಇದ್ದದ್ದು ಒಂದೇ ಒಂದು ಆಸೆ: ಮೆನ್ಲೋ ಪಾರ್ಕಿನ ಒಂದು ಕಂಪನಿಗೆ ಜಾವಾ ಬಲ್ಲವನೊಬ್ಬ ಬೇಕಿದ್ದ. ವೆಂಕಟೇಶ್ ನಮ್ಮಿಬ್ಬರ ರೆಸ್ಯೂಮೆಯನ್ನೂ ಕಳಿಸಿದರು. ಮೂರು ವರ್ಷದ ಅನುಭವವೆಂದು ಇದ್ದದ್ದನ್ನು ಇದ್ದಂತೆ ಬರೆದಿದ್ದ ನನ್ನದನ್ನು ಕಂಪನಿಯವರು ಮೂಸಿಯೂ ನೋಡಲಿಲ್ಲ. ಏಳು ವರ್ಷವೆಂದು ಬರೆದಿದ್ದ ಲೋಹಿತನಿಗೆ ಬುಧವಾರ ಹನ್ನೊಂದು ಗಂಟೆಗೆ ಫೋನ್ ಇಂಟರ್‌ವ್ಯೂ ಗೊತ್ತಾಯಿತು.

ಆ ಇಂಟರ್‌ವ್ಯೂ ಕೊಡಬೇಕಾದವನು ನಾನು. ಆಶ್ಚರ್ಯ ಬೇಡ, ಆಗ ನಮ್ಮಲ್ಲಿ ಅದೇ ಪದ್ಧತಿ. ಫೋನಿನಲ್ಲಿ ಮುಖ ಕಾಣುವುದಿಲ್ಲ; ವಿಷಯ ಗೊತ್ತಿದ್ದು ಇಂಗ್ಲಿಷಿನಲ್ಲಿ ಪಟಪಟ ಮಾತಾಡುವವನು ಉಳಿದವರ ಹೆಸರಿನಲ್ಲಿ ಮಾತಾಡುತ್ತಿದ್ದ. ನಾನು ಹಾಗೆ ಆರು ಜನರಿಗೆ ಬಾಯಿಯಾಗಿದ್ದೆ, ಆರೂ ಜನ ಪಾಸಾಗಿ ಹೋಗಿದ್ದರು. ಕೆಲಸಕ್ಕೆ ಸೇರಿದ ಮೇಲೂ ಅವರು ಸಂಜೆ ತಮ್ಮ ತೊಡಕುಗಳನ್ನು ಇ-ಮೇಲ್ ಮಾಡುತ್ತಿದ್ದರು, ನಾನು ಬಿಡಿಸಿ ಕಳಿಸುತ್ತಿದ್ದೆ. ಲೋಹಿತನಿಗೂ ಮಾತು ಕೊಟ್ಟಿದ್ದೆ. ನಾನು ಅಷ್ಟು ಧಾರಾಳಿಯೇನಲ್ಲ. ಮೂರು ತಿಂಗಳು ಅವನು ನನಗೆ ಅಡುಗೆ ಮಾಡಿ ಹಾಕಿದ್ದ, ನನ್ನ ಬಟ್ಟೆಯನ್ನೂ ಒಗೆದಿದ್ದ, ನನಗಾಗಿ ಜೋಳದ ರೊಟ್ಟಿ ತಟ್ಟುವುದನ್ನೂ ಕಲಿತಿದ್ದ. ಅವನು ರೊಟ್ಟಿ ತಟ್ಟುವಾಗ ನಾನು ಪಕ್ಕದಲ್ಲಿ ಕೂತು ಜಾವಾ ಪಾಠ ಹೇಳುತ್ತಿದ್ದೆ. ತಲೆಗೆ ಹತ್ತುತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೂ ಎಲ್ಲೋ ಒಂದು ಕಾಲೇಜಿನಲ್ಲಿ ಓದಿದವನೇ ಇರಬೇಕು, ಉಳಿದವರ ಹಾಗೆಯೇ ಒಂದೆರಡು ವರ್ಷ ಹೆಚ್ಚು ಬರೆದುಕೊಂಡಿದ್ದಾನೆ ಅಂದುಕೊಂಡಿದ್ದೆ.

ಆ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಾಳಿಯ ಮೇಲೆ ಕರೆಂಟು ತೆಗೆಯುತ್ತಿದ್ದರು. ಹುಬ್ಬಳ್ಳಿಯ ಲೋಡ್ ಶೆಡ್ಡಿಂಗು ನನ್ನ ಬೆನ್ನು ಹತ್ತಿ ಇಲ್ಲಿಗೂ ಬಂತೆಂದು ನಾನು ನಗುತ್ತಿದ್ದೆ. ಮಂಗಳವಾರ ಹೋದ ಕರೆಂಟು ತಿರುಗಿ ಬಂತು, ಮನೆ ಬೆಚ್ಚಗಿಡುವ ಹೀಟ್ ಪಂಪು ಮಾತ್ರ ಬರಲಿಲ್ಲ. ಬುಧವಾರ ಬೆಳಿಗ್ಗೆ ಎದ್ದರೆ ನೆಲದ ಜಾಲರಿಗಳಿಂದ ತಣ್ಣನೆಯ ಗಾಳಿ. ಹುಲ್ಲಿನ ಮೇಲೆಲ್ಲ ಬೆಳ್ಳಗೆ ಹಿಮ ಕೂತಿತ್ತು. ನಾನು ವೆಂಕಟೇಶ್ ಅವರಿಗೆ ಫೋನ್ ಮಾಡಿದೆ.

"ಟೆಕ್ನಿಶಿಯನ್ನು ಫ್ರೈಡೇ ಬರ್ತಾನೆ ಶಶಿ. ಅಲ್ಲೀವರ್ಗೂ ಎಲ್ರೂ ಸ್ವೆಟ್ರು ಹಾಕ್ಕೊಂಡಿರಿ. ಹನ್ನೊಂದು ಗಂಟೆ ಕಾಲ್ ಮಾತ್ರ ಮಿಸ್ ಮಾಡ್ಬೇಡಿ," ಎಂದು ಇಟ್ಟರು.

ಅಡುಗೆಮನೆಗೆ ಬಂದರೆ ಬಿಂದುಶ್ರೀ ಗ್ಯಾಸಿನ ನಾಲ್ಕೂ ಒಲೆ ಹಚ್ಚಿ, ಓವನ್ನಿನ ಬಾಗಿಲನ್ನೂ ತೆರೆದಿಟ್ಟು, ಅದರ ಮುಂದೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಮಗುವಿಗೆ ಎರಡು ದಿನದಿಂದ ಕೆಮ್ಮು, ಎದೆ ಗೊರಗುಟ್ಟುತ್ತಿತ್ತು. ಲೋಹಿತ್ ಬಂದವನೇ ಒಲೆಗಳನ್ನೆಲ್ಲ ಆರಿಸಿ ಕಿಟಕಿ ತೆರೆದ.

"ತಲೆ ನೋಯ್ತಾ ಅದಾ ಅಕ್ಕಾ?"

"ಹೂಂ, ಸ್ವಲ್ಪ. ಯಾಕೆ ಲೋಹಿತಣ್ಣ?"

"ಈ ಗ್ಯಾಸು ಅಡ್ಗೆಗೆ ಮಾತ್ರ ಸರಿ. ಮನೆ ಕಾಯ್ಸೋಕೆ ಹಚ್ಚಿದ್ರೆ ವಿಷ ತುಂಬ್ಕತ್ತದೆ, ವಾಸ್ನೇನೂ ಬರಕಿಲ್ಲ. ಮಗೂನ ಹೊದಿಸ್ಕೊಂಡು ನಿಮ್ಮೆದೆಗೆ ಅವಚ್ಕಳ್ಳಿ. ಒಂದೇ ರೂಮಲ್ಲಿರಿ, ಬಾಗ್ಲು ಹಾಕ್ಕಳ್ಳಿ. ನಾನು ನೋಡ್ತೀನಿ."

ನೋಡುತ್ತೀನಿ ಎಂದು ಅವನು ಹಿತ್ತಿಲಿಗೆ ಹೋದ. ನಾನೂ ಹಿಂದೆ ಹೋದೆ. ಮನೆಯ ಹೊರಗೋಡೆಗೆ ಒತ್ತಿ ಇಟ್ಟಿದ್ದ ಪೆಟ್ಟಿಗೆಯ ಮೈಗೆಲ್ಲ ಮಂಜುಗಡ್ಡೆ ಮೆತ್ತಿತ್ತು. ನಾನು ಒಂದು ಕಬ್ಬಿಣದ ಸಲಾಕೆ ಎತ್ತಿಕೊಂಡೆ.

"ಹೊಡೀಬ್ಯಾಡಿ ಸಾ, ಒಳಗಿನ ಕೊಳ್ವೆ ತೂತಾದ್ರೆ ಕತೆ ಮುಗೀತು. ಉಗುರು ಬೆಚ್ಚಗಿನ ನೀರು ತತ್ತೀರಾ? ಕುದಿಯೋದು ಬ್ಯಾಡ."

ನಾನು ನೀರು ತಂದೆ. ಅಷ್ಟರಲ್ಲಿ ಅವನು ಗೋಡೆಯ ಸ್ವಿಚ್ಚು ಆರಿಸಿ, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಒಳಗೆ ಉಳಿದಿದ್ದ ಕರೆಂಟು ಇಳಿಸಲು ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರನ್ನು ಎರಡು ತಂತಿಗಳ ನಡುವೆ ಹಿಡಿದಿದ್ದ. ಚಟ್ಟೆಂದು ಕಿಡಿ ಹಾರಿತು. ಅವನು ಕಣ್ಣು ಕೂಡ ಮಿಟುಕಿಸಲಿಲ್ಲ. ಕೀಬೋರ್ಡಿನ ಮೇಲೆ ಹೇನು ಹುಡುಕಿದಂತೆ ಅಕ್ಷರ ಹುಡುಕುತ್ತಿದ್ದ ಅದೇ ಬೆರಳುಗಳು ಇಲ್ಲಿ ಒಂದು ಕ್ಷಣವೂ ತಡವರಿಸಲಿಲ್ಲ.

"ಫ್ಯಾನು ತಿರುಗ್ಸೋ ಈ ಕೆಪಾಸಿಟರ್ ಉಬ್ಬೋಗದೆ ನೋಡಿ. ಕರೆಂಟು ಹೋಗಿ ಬಂದಾಗ ಸುಟ್ಟದೆ. ಫ್ಯಾನು ತಿರುಗ್ದೆ ಐಸ್ ಕಟ್ಟದೆ, ಅಷ್ಟೇಯ."

"ನಿನಗ ಹ್ಯಾಂಗ ಗೊತ್ತೋ ಇದೆಲ್ಲಾ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಬಾರದಿತ್ತೇ ಎಂದು ಈಗಲೂ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ.

"ಪೀಣ್ಯದಲ್ಲಿ ಎಂಟು ವರ್ಸ ಇದೇ ಕೆಲ್ಸ ಮಾಡಿವ್ನಿ ಸಾ. ಐಟಿಐ ಓದಿರೋದು. ಇದು ಎ.ಸಿ.ನೇ, ಉಲ್ಟಾ ಓಡ್ತದೆ. ರೆಸ್ಯೂಮೆ ಕೋಚಿಂಗ್ ಸೆಂಟರ್‌ನೋರು ಬರ್ಕೊಟ್ಟಿದ್ದು. ವೆಂಕಟೇಶ್ ಸಾರ್‌ಗೆ ಗೊತ್ತಿಲ್ಲ. ನಿಮ್ಗೊಬ್ರಿಗೇ ಹೇಳ್ತಿರೋದು."

ಎ.ಸಿ. ಮೆಕ್ಯಾನಿಕ್. ಕಾಲೇಜಿನ ಮೆಟ್ಟಿಲು ಹತ್ತಿದವನೂ ಅಲ್ಲ. ನಾನು ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿಗೆ ಎರಡನೆಯವನಾಗಿ ಪಾಸಾದವನು. ನನ್ನ ನಿಜವನ್ನು ಕಸದ ಬುಟ್ಟಿಗೆ ಹಾಕಿದ ಕಂಪನಿ ಈ ಸ್ಪ್ಯಾನರ್ ಹಿಡಿಯುವವನನ್ನು ಏಳು ವರ್ಷದ ಪಂಡಿತನೆಂದು ಕರೆಯುತ್ತದೆ. ಅವನಿಗಾಗಿ ನಾನು ಮಾತಾಡಿ, ಅವನನ್ನು ಕುರ್ಚಿಯ ಮೇಲೆ ಕೂರಿಸಿ, ನಾನು ವಿಮಾನ ಹತ್ತಬೇಕು. ಬಾಯಲ್ಲಿ ಮಾತ್ರ "ಇರ್ಲಿ ತಗೋ, ನಾ ಯಾರಿಗೂ ಹೇಳೂದಿಲ್ಲ" ಎಂದೆ. ಅವನ ಮುಖ ಅರಳಿತು.

ಆ ಬಿಡಿಭಾಗ ಮಾರುವ ಅಂಗಡಿ ಎರಡು ಮೈಲಿ ದೂರದಲ್ಲಿತ್ತು. ಅವನು ಹೋಗುವಾಗಲೂ ಬರುವಾಗಲೂ ನಡೆದೇ, ಮುಕ್ಕಾಲು ದಾರಿ ಓಡಿಕೊಂಡೇ, ಹತ್ತೂವರೆಗೆ ವಾಪಸು ಬಂದ. ಮೂಗು ಕಿವಿ ಕೆಂಪಗಾಗಿದ್ದವು. ಬಿಂದುಶ್ರೀ ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

"ಪಾಪು ಕೈ ಮುಟ್ಟಿ ನೋಡಿ ಲೋಹಿತಣ್ಣ, ಎಷ್ಟು ತಣ್ಣಗಿದೆ."

ಸಾಮಾನ್ಯವಾಗಿ ಯಾರ ಹೆಸರಿನಲ್ಲಿ ಇಂಟರ್‌ವ್ಯೂ ಆಗುತ್ತದೋ ಅವನು ನನ್ನ ಪಕ್ಕದಲ್ಲೇ ಕೂರುತ್ತಿದ್ದ. ಲೋಹಿತ್ ಗಡಿಯಾರ ನೋಡಿದ, ಮಗುವನ್ನು ನೋಡಿದ, ನನ್ನನ್ನು ನೋಡಿದ.

"ನೀವು ಅದ ನೋಡ್ಕಳ್ಳಿ ಸಾ, ನಾನು ಇದ ಮುಗಿಸ್ತೀನಿ. ನೀವಿರುವಾಗ ನಂಗೇನು."

ಸರಿಯಾಗಿ ಹನ್ನೊಂದಕ್ಕೆ ಫೋನು ಬಂತು. ನಾನು ನಮ್ಮ ಕೋಣೆಯ ಬಾಗಿಲು ಓರೆ ಮಾಡಿ, ಸ್ಪೀಕರ್ ಹಾಕಿ, ಕಂಬಳಿ ಹೊದ್ದು ಕೂತೆ. ಆ ಕಡೆ ಒಬ್ಬ ಹೆಂಗಸು, ಬಹಳ ಒಳ್ಳೆಯ ದನಿ. ಲೋಹಿತ್ ಮಾತಾಡುತ್ತಿದ್ದೇನೆ ಎಂದೆ. ಕುಶಲ ವಿಚಾರಿಸಿದಳು. ನನ್ನನ್ನು ಹಗುರಗೊಳಿಸಲಿಕ್ಕೆ ಮೊದಲಿಗೆ ತೀರಾ ಸುಲಭದ್ದೊಂದು ಕೇಳಿದಳು: ಇಂಟರ್‌ಫೇಸಿಗೂ ಅಬ್‌ಸ್ಟ್ರಾಕ್ಟ್ ಕ್ಲಾಸಿಗೂ ಏನು ವ್ಯತ್ಯಾಸ? ಜಾವಾ ಕಲಿಯುವವನು ಮೊದಲ ವಾರದಲ್ಲೇ ಬಾಯಿಪಾಠ ಮಾಡುವ ಪ್ರಶ್ನೆ ಅದು. ರೊಟ್ಟಿಯ ಹಂಚಿನ ಮುಂದೆ ನಾನೇ ಲೋಹಿತನಿಂದ ಅದನ್ನು ನೂರು ಸಲ ಹೇಳಿಸಿದ್ದೆ.

ನಾನು ಕಂಬಳಿಯನ್ನು ಇನ್ನಷ್ಟು ಎಳೆದುಕೊಂಡೆ. ಆಮೇಲೆ, ನನಗೆ ಗೊತ್ತಿಲ್ಲ ಎಂದೆ. ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದೆ.

ಪರವಾಗಿಲ್ಲ ಎಂದು ಅವಳು ಇನ್ನೊಂದು ಕೇಳಿದಳು. ಅದಕ್ಕೆ ತಪ್ಪು ಹೇಳಿದೆ. ಮೂರನೆಯದಕ್ಕೆ ಬಾಯಿ ತೆರೆಯುವ ಹೊತ್ತಿಗೆ ಹಿತ್ತಿಲಲ್ಲಿ ಪಂಪು ಗುಂಯ್ ಎಂದಿತು. ನೆಲದ ಜಾಲರಿಯಿಂದ ಮೊದಲು ಒಂದಿಷ್ಟು ಸುಟ್ಟ ಧೂಳಿನ ವಾಸನೆ, ಆಮೇಲೆ ಬೆಚ್ಚನೆಯ ಗಾಳಿ ನನ್ನ ಪಾದಕ್ಕೆ ತಾಗಿತು. ಬೆಳಿಗ್ಗೆಯಿಂದ ಮರಗಟ್ಟಿದ್ದ ಕಾಲು. ಎಂಥ ಸುಖವಾಯಿತೆಂದರೆ, ನಾನು ಕಾಲನ್ನು ಜಾಲರಿಯ ಮೇಲೆ ಚಾಚಿ, ಕಣ್ಣು ಮುಚ್ಚಿಕೊಂಡು, ಮೂರನೆಯದಕ್ಕೂ ತಪ್ಪು ಉತ್ತರ ಕೊಟ್ಟೆ. ಹತ್ತು ನಿಮಿಷದಲ್ಲಿ ಅವಳು ವಂದನೆ ಹೇಳಿ ಫೋನಿಟ್ಟಳು.

ಹಾಲಿಗೆ ಬಂದರೆ ಲೋಹಿತ್ ಒದ್ದೆ ಅಂಗಿಯಲ್ಲಿ ಗೋಡೆಗೆ ಒರಗಿ ನಿಂತಿದ್ದ.

"ಛಲೋ ಆತೋ," ಎಂದೆ.

"ಹೂಂ ಸಾ," ಎಂದು ತಲೆ ಆಡಿಸಿದ. ಬೇರೇನೂ ಕೇಳಲಿಲ್ಲ.

ಮರುದಿನ ಉತ್ತರ ಬಂತು: ಇವನಿಗೆ ಅಕ್ಷರವೂ ಬಾರದು. ವೆಂಕಟೇಶ್ ನನ್ನ ಮೇಲೆ ರೇಗಿದರು. ಲೋಹಿತ್ ಮೆಕ್ಯಾನಿಕ್ಕು ಸಾರ್, ಅದು ಗೊತ್ತಾದ ಮೇಲೆ ನನ್ನ ಬಾಯಿ ಕಟ್ಟಿತು ಎಂದುಬಿಟ್ಟೆ. ಯಾರಿಗೂ ಹೇಳುವುದಿಲ್ಲ ಎಂದಿದ್ದ ಮಾತು ಒಂದು ದಿನ ಬಾಳಿತು. ಅವರು ಮೆನ್ಲೋ ಪಾರ್ಕಿನವರ ಕೈಕಾಲು ಹಿಡಿದು, ನನ್ನನ್ನು ಎದುರೆದುರು ಕೂರಿಸಿ ಮಾತಾಡಿಸಲು ಒಪ್ಪಿಸಿದರು. ಸೋಮವಾರ ಹೋದೆ. ಮೇಜಿನ ಆಚೆ ಅದೇ ಹೆಂಗಸು ಕೂತಿದ್ದಳು. ಅವಳು ಬಾಯಿ ತೆರೆದೊಡನೆ ನನಗೆ ದನಿ ಗುರುತಾಯಿತು. ಅರ್ಧ ಗಂಟೆ ಮಾತಾಡಿದರೂ ಅವಳಿಗೆ ನನ್ನ ದನಿಯ ಗುರುತು ಹತ್ತಲಿಲ್ಲ. ಅವಳ ಕಿವಿಗೆ ನಾವೆಲ್ಲ ಒಂದೇ. ಕೆಲಸ ಸಿಕ್ಕಿತು.

ಮನೆಯಲ್ಲಿ ಲೋಹಿತ್ ಯಾರೆಂದು ಈಗ ಎಲ್ಲರಿಗೂ ಗೊತ್ತಾಗಿತ್ತು. ವೆಂಕಟೇಶ್ ಶುಕ್ರವಾರದ ಟೆಕ್ನಿಶಿಯನ್ನನ್ನು ಆಗಲೇ ಬೇಡವೆಂದಿದ್ದರು. ಟಿಕೆಟ್ಟಿನ ದಿನದವರೆಗೆ ಲೋಹಿತನನ್ನು ತಮ್ಮ ಇನ್ನೆರಡು ಮನೆಗಳಿಗೂ ಕರೆದುಕೊಂಡು ಹೋಗಿ ಪಂಪು ನೋಡಿಸಿದರು. ಬಿಂದುಶ್ರೀಯ ಮಗು ಬೆಚ್ಚಗೆ ಆಡತೊಡಗಿತ್ತು. ಅವಳು ಈಗ ಅಣ್ಣ ಎನ್ನುವುದನ್ನು ಬಿಟ್ಟಿದ್ದಳು. "ಲೋಹಿತ್, ಬಾತ್‌ರೂಮಿನ ನಲ್ಲಿ ಸೋರ್ತಿದೆ, ಹೋಗೋಕೆ ಮುಂಚೆ ನೋಡ್ಬಿಡು," ಎಂದಳು. ಅವನು ನೋಡಿದ.

ಹೊರಡುವ ಬೆಳಿಗ್ಗೆ ವೆಂಕಟೇಶ್ ಅವರ ಕಾರು ಬರುವ ಮೊದಲು ಅವನು ನನ್ನನ್ನು ಹಾಲಿಗೆ ಕರೆದ. ನಮ್ಮ ಕೋಣೆಯ ಬಾಗಿಲಿಗೆ ಅಂಟಿಕೊಂಡೇ ಒಂದು ಕಪಾಟು. ಒಳಗೆ ಗಾಳಿ ಸೋಸುವ ಫಿಲ್ಟರು.

"ತಿಂಗ್ಳಿಗೊಂದ್ಸಲ ಇದ ಬದ್ಲಾಯಿಸಿ ಸಾ. ಬಾಣದ ಗುರ್ತು ಒಳಿಕ್ಕಿರ್ಬೇಕು. ಹಿತ್ಲಲ್ಲಿ ಪೆಟ್ಗೆ ಸುತ್ತ ಏನೂ ಒಟ್ಬ್ಯಾಡಿ. ತಣ್ಣನೆ ಗಾಳಿ ಬಂದ್ರೆ ಮೊದ್ಲು ಬ್ರೇಕರ್ ಸ್ವಿಚ್ಚು ಬಿದ್ದದಾ ನೋಡಿ." ಹೇಳುತ್ತ ಕಪಾಟಿನ ಬಾಗಿಲು ಹಾಕಿದ. ಅದೇ ದನಿಯಲ್ಲಿ ಮುಂದುವರಿಸಿದ. "ಅವತ್ತು ಹನ್ನೊಂದ್ಗಂಟೇಲಿ ಇಲ್ಲೇ ನಿಂತಿದ್ದೆ ಸಾ, ಇದ ಹಾಕ್ತಾ. ಆ ಮೊದಲ್ನೇ ಪ್ರಶ್ನೆ ನಂಗೂ ಬತ್ತಿತ್ತು. ನೀವೇ ಹೇಳ್ಕೊಟ್ಟಿದ್ದು."

ಇಷ್ಟು ದಿನ ಗೊತ್ತಿದ್ದೂ ಅವನು ನನಗೆ ರೊಟ್ಟಿ ತಟ್ಟಿದ್ದ.

"ಮತ್ತ ಒಳಗ ಯಾಕ ಬರಲಿಲ್ಲ ನೀನು? ಫೋನ್ ಕಸಗೋಬೇಕಿತ್ತು."

"ಪಂಪಿನ್ನೂ ಆನ್ ಮಾಡಿರ್ಲಿಲ್ಲ ಸಾ. ಮಗು ಚಳೀಲಿತ್ತು."

ನಾನು ಲೆಕ್ಕ ಹಾಕಿದೆ, ಹಾಕದಿರಲು ಆಗಲಿಲ್ಲ. ಅವನು ನನ್ನ 'ಗೊತ್ತಿಲ್ಲ'ವನ್ನು ಕೇಳಿಸಿಕೊಂಡಿದ್ದ, ಫಿಲ್ಟರ್ ಕೂರಿಸಿದ್ದ, ಎರಡು ಹೆಜ್ಜೆ ಇಟ್ಟು ಥರ್ಮೋಸ್ಟ್ಯಾಟ್ ತಿರುಗಿಸಿದ್ದ, ಆಮೇಲೆಯೇ ನನ್ನ ಕಾಲಿಗೆ ಆ ಬಿಸಿ ಬಂದಿತ್ತು. ನಾನು ಕೂತಿದ್ದ ಕೋಣೆಗೆ ಹೋಗುವ ಗಾಳಿಯನ್ನು ಮುಚ್ಚಿಬಿಡುವುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ.

ತಪ್ಪಾಯಿತು ಅನ್ನಬೇಕಿತ್ತು. ನನಗೆ ಬಂದದ್ದು ಸಿಟ್ಟು, ಇವನು ಇದನ್ನು ಹೇಳದೆ ಹೋಗಿದ್ದರೆ ಏನಾಗುತ್ತಿತ್ತು ಎಂಬ ಸಿಟ್ಟು. ಹೊರಗೆ ಕಾರಿನ ಹಾರ್ನ್ ಆಯಿತು. ನಾನು ಸೂಟ್‌ಕೇಸ್ ಎತ್ತಿಕೊಡಲು ಕೈ ಚಾಚಿದೆ. ಅವನು ಅದನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಬಾಗಿಲು ದಾಟಿದ.