ಮಂಚದ ದಿಕ್ಕು

ಮಂಚ ನೆಲದಿಂದ ಮೊಳದೆತ್ತರ ತೇಲುತ್ತಿತ್ತು. ತಾಬಿಶ್ ಅಂಕಿ ತಿದ್ದಿದ, ತೆಪ್ಪಗೆ ಕೆಳಗಿಳಿಯಿತು. ಈ ಮನೆಯಲ್ಲಿ ಅವನ ಮಾತು ಕೇಳುವ ವಸ್ತು ಅದೊಂದೇ.

ಗಣಿತದ ಎಂ.ಎಸ್ಸಿ. ಹೊಳಲ್ಕೆರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ರಜೆಯಲ್ಲಿ ಆನ್‌ಲೈನಿನಲ್ಲಿ ಕಂಪ್ಯೂಟರ್ ಆಟಗಳ ಸ್ಕ್ರಿಪ್ಟ್ ಬರೆಯಲು ಕಲಿಯುತ್ತಿದ್ದ. ಇವತ್ತಿನ ಪಾಠ ರೇಕಾಸ್ಟ್. ಗೊತ್ತಿರುವ ಕೋಣೆಯೊಂದನ್ನು ಕಟ್ಟಿ, ಸಾಮಾನು ಇಟ್ಟು, ತಿರುಗಿಸಿ, ಯಾರದಾದರೂ ಕಣ್ಣಿನಿಂದ ನೇರ ಒಂದು ಕಿರಣ ಬಿಡಬೇಕು. ಅದು ಮೊದಲು ತಾಗಿದ್ದರ ಹೆಸರು ತೆರೆಯ ಮೇಲೆ ಬರುತ್ತದೆ. ಆಟದೊಳಗಿನ ಕಾವಲುಗಾರನಿಗೆ ಕಳ್ಳ ಕಾಣಿಸುವುದು ಹೀಗೇ.

ಅವನು ಕಟ್ಟಿದ್ದು ಚಿತ್ರದುರ್ಗದ ಈ ಮನೆಯ ಒಳಕೋಣೆಯನ್ನು. ಅಲ್ಲಿ ಅಬ್ಬಾ ಮಲಗಿದ್ದರು. ಹಿಂದಿನ ರಂಜಾನಿಗೆ ಮುಂಚೆ ಲಕ್ವ ಹೊಡೆದು ಅಬ್ದುಲ್ ಖಾದರ್ ಸಾಹೇಬರ ಎಡಭಾಗ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ‘ಎಲ್ಲ ತಿಳಿಯುತ್ತೆ ಅವರಿಗೆ’ ಎಂದಿದ್ದರು ಡಾಕ್ಟರು. ಮನೆಯಲ್ಲಿ ಯಾರೂ ನಂಬಲಿಲ್ಲ. ತಿಳಿಯುವವರು ದಿನವಿಡೀ ಗೋಡೆ ನೋಡುತ್ತಾರೆಯೇ? ಉಣಿಸುವಾಗ ಅಮ್ಮಿ ಗದ್ದ ಹಿಡಿದು ತಮ್ಮತ್ತ ತಿರುಗಿಸಿಕೊಂಡರೆ, ಕೈಬಿಟ್ಟ ಕೂಡಲೇ ಮುಖ ಮತ್ತೆ ಗೋಡೆಗೆ. ತಾಬಿಶನಿಗೆ ತನ್ನದೇ ಗುಮಾನಿ: ಅವರ ಕಲಾಯಿ ಅಂಗಡಿ ಬಿಟ್ಟು ಓದಿಗೆ ಹೋದೆನೆಂಬ ಸಿಟ್ಟು. ಬೇಕಂತಲೇ ಮುಖ ತಿರುಗಿಸಿದ್ದಾರೆ. ತಿರುಗಿಸಿಕೊಳ್ಳಲಿ, ತನಗೇನು.

ತೆರೆಯ ಅಬ್ಬಾನ ಕತ್ತನ್ನು ಬಲಕ್ಕೆ ವಾಲಿಸಿ ಗುಂಡಿ ಒತ್ತಿದ. ಹೆಸರು ಮೂಡಿತು: ಅಮ್ಮಿ.

"ಏನಪ್ಪ, ರಜೆದಾಗೂ ಅದೇ ಡಬ್ಬ ನೋಡ್ಕಂಡು ಕುಂತಿದೀಯ?" ತಾಯಿ ಶಬನಾ ಚಹಾ ಇಟ್ಟು ಬಗ್ಗಿದರು. "ಅರೆ, ನಮ್ಮನೆ! ಸ್ಟೂಲ್ ಮೇಲೆ ಕುಂತಿರೋದು ನಾನಾ?"

"ಹ್ಞೂಂ."

"ನಿಮ್ಮಬ್ಬಾ ನನ್ನನ್ನ ನೋಡ್ತಾ ಅವ್ರಾ?"

ಆ ಮುಖ ಅಷ್ಟು ಅರಳಿದ್ದನ್ನು ಅವನು ಈಚೆಗೆ ಕಂಡಿರಲಿಲ್ಲ. ಮರುಕ್ಷಣವೇ ಆಕೆ ಎದೆ ಹಿಡಿದುಕೊಂಡರು.

"ಯಾ ಅಲ್ಲಾ! ಲೇ, ಕುರಾನ್ ಇಡೋ ಗೂಡು ಐತೆ ಅಲ್ಲಿ. ಆ ಕಡೆಗೇ ಕಾಲು ಮಾಡಿ ಮಲಗ್ಸಿದೀಯಲ್ಲೋ!"

ಗೂಡು ಪಶ್ಚಿಮದ ಗೋಡೆಯಲ್ಲಿತ್ತು. ನಮಾಜಿಗೆ ಮುಖ ಮಾಡುವ ದಿಕ್ಕು. ಈ ಮನೆಯಲ್ಲಿ ಹಸುಗೂಸನ್ನೂ ಅತ್ತ ಕಾಲು ಮಾಡಿ ಮಲಗಿಸಿದವರಿಲ್ಲ.

"ಆಟ ಅಮ್ಮಿ ಇದು."

"ಆಟದಾಗಾದ್ರೂ ಕಾಲು ಕಾಲೇ. ತಿರುಗ್ಸು ಮೊದ್ಲು."

ಮಂಚವನ್ನು ಅರ್ಧ ಸುತ್ತು ತಿರುಗಿಸಿದ. ಈಗ ತಲೆ ಪಶ್ಚಿಮಕ್ಕೆ, ಒಳಕೋಣೆಯ ನಿಜವಾದ ಮಂಚದಂತೆಯೇ. ಗುಂಡಿ ಒತ್ತಿದ.

ಗೋಡೆ.

"ನನ್ನ ಹೆಸ್ರು ಎಲ್ಲಿಗ್ಹೋಯ್ತು?" ಎಂದರು ಅಮ್ಮಿ.

ಅವನ ಕೈ ಅಲ್ಲೇ ನಿಂತಿತು. ಅಬ್ಬಾ ಇಷ್ಟು ದಿನ ತಿರುಗುತ್ತಿದ್ದದ್ದು ಗೋಡೆಗಲ್ಲ, ಬಲಕ್ಕೆ. ಅವರ ಕತ್ತು ಬಲಕ್ಕೆ ಮಾತ್ರ ನಿಲ್ಲುತ್ತಿತ್ತು. ಬಲಕ್ಕೆ ಗೋಡೆ ತಂದಿಟ್ಟದ್ದು ತಾನು. ಆಸ್ಪತ್ರೆಯಿಂದ ಕರೆತಂದ ದಿನ ತಮ್ಮ ಜಮೀರ್ ಕೇಳಿದ್ದ: "ಅಣ್ಣ, ತಲೆ ಯಾವ ಕಡೆಗೆ?" ಇವನು ಮೇಷ್ಟರ ಗತ್ತಿನಲ್ಲಿ ಅಂದಿದ್ದ: "ಪಶ್ಚಿಮಕ್ಕೆ. ಗೋಡೆಗೆ ಒತ್ತಿಸು, ಬೀಳಬಾರ್ದು." ಎಲ್ಲ ತಿಳಿಯುವ ಮನುಷ್ಯನನ್ನು ಒಂದು ವರ್ಷದಿಂದ ಗೋಡೆಗೆ ಮುಖ ಮಾಡಿ ಮಲಗಿಸಿ, ಮುನಿಸು ಅವರದೆಂದು ಇವನು ಹಗೆ ಸಾಧಿಸಿದ್ದ.

"ಯಾಕೋ, ಮುಖ ಬೆಳ್ಳಗಾಯ್ತು?"

"ಏನಿಲ್ಲ."

ದಿಕ್ಕು ಬದಲಿಸದೆ ತೆರೆಯ ಮಂಚವನ್ನಷ್ಟೇ ಎದುರು ಗೋಡೆಗೆ ಸರಿಸಿದ. ಅದರ ಮುಂದೆ ತನ್ನ ಹೆಸರಿನ ಆಕೃತಿಯೊಂದನ್ನು ನಿಲ್ಲಿಸಿದ. ಒತ್ತಿದ. ತಾಬಿಶ್, ಎಂದಿತು ತೆರೆ. ನಾಚಿಕೆಗೆಟ್ಟು ಅಳು ಬಂತು.

ಜಮೀರ್ ಊಟಕ್ಕೆ ಬಂದಿದ್ದ.

"ಕೈ ತೊಳೀಬ್ಯಾಡ, ಬಾ. ಮಂಚ ಸರ್ಸಾಣ."

"ಈಗ್ಲೇ? ಹಸಿವಾಗೈತೆ ಅಣ್ಣ."

"ಬಾ ಅಂದೆ."

ಅಬ್ಬಾನ ಬಲಗೈ ದಿಂಬು, ಗೋಡೆಗಳ ನಡುವೆ ಸಿಕ್ಕಿಕೊಂಡಿತ್ತು. ಅಮ್ಮಿ ಅದನ್ನು ಬಿಡಿಸಿ ಉಗುರು ನೋಡಿದರು. "ಮತ್ತೆ ಸುಣ್ಣ. ದಿನಾ ತಿಕ್ತೀನಿ. ಹಳೇ ಗೋಡೆ, ಉದುರ್ತಾನೇ ಐತೆ." ಅಣ್ಣತಮ್ಮಂದಿರು ಮಂಚವನ್ನು ಎಳೆದರು.

ದಿಂಬು ಇದ್ದ ಎತ್ತರಕ್ಕೆ ಗೋಡೆ ಕಿತ್ತುಹೋಗಿತ್ತು. ಸುಣ್ಣ ಹೋಗಿ, ಗಾರೆ ಹೋಗಿ, ಇಟ್ಟಿಗೆ ಕಾಣುತ್ತಿತ್ತು. ಒಂದು ಬೆರಳಿನಗಲದ ಗುಳಿ. ಅಂಚಿನಲ್ಲಿ ಒಣಗಿದ ರಕ್ತ.

"ಇಲಿ ಇರ್ಬೇಕು," ಎಂದ ಜಮೀರ್. ಅಮ್ಮಿ ತಾವು ದಿನವೂ ತಿಕ್ಕಿದ ಆ ಕೈಯನ್ನೇ ನೋಡುತ್ತಿದ್ದರು.

ಮಂಚ ಎದುರು ಗೋಡೆಗೆ ಹೋಯಿತು. ತಲೆ ಪಶ್ಚಿಮಕ್ಕೇ. ಅಬ್ಬಾನ ಮುಖ ಈಗ ಕೋಣೆಯತ್ತ. ತಾಬಿಶ್ ಆ ಕಣ್ಣುಗಳ ನೇರಕ್ಕೆ ಹೋಗಿ, ಮಂಚದ ಪಕ್ಕ ಮೊಣಕಾಲೂರಿ ಕೂತ. ಉಸಿರು ತಾಗುವಷ್ಟು ಹತ್ತಿರ.

"ಅಬ್ಬಾ, ನಾನು."

ಕಣ್ಣುಗಳು ಅವನ ಮೇಲೇ ಇದ್ದವು. ಮಿಟುಕಲಿಲ್ಲ. ಬಲಗೈ ಮೆಲ್ಲಗೆ ಎದ್ದು ಬಂದು ಅವನ ಎದೆಗೆ ತಾಗಿತು. ಅವನು ಇನ್ನಷ್ಟು ಮುಂದೆ ಬಾಗಿದ.

ತೋರುಬೆರಳು ಮಡಿಸಿಕೊಂಡಿತು. ಸುಣ್ಣ ಹಿಡಿದ ಉಗುರು ಅವನ ಅಂಗಿಯನ್ನು ಕೆರೆಯತೊಡಗಿತು. ಒಂದೇ ಕಡೆ, ಅವಸರವಿಲ್ಲದೆ.