ಭಾರ ತಾಳದ ಕಾರು

ಹೊನ್ನಾವರದಲ್ಲಿ ಹೊಸ ಎಮ್ಮೆ ತಂದವನನ್ನು ಹಾಲೆಷ್ಟು ಎಂದು ಕೇಳುತ್ತಾರೆ. ಹೊಸ ಬೋಟು ಇಳಿಸಿದವನನ್ನು ಗಂಟೆಗೆ ಎಷ್ಟು ಡೀಸೆಲ್ ಕುಡಿಯುತ್ತದೆ ಎಂದು ಕೇಳುತ್ತಾರೆ. ಐಸ್ ಪ್ಲಾಂಟಿನ ಮೋಹನ ಮಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು ತಂದಾಗ ಅದರ ಕೆನೆಬಣ್ಣದ ತೊಗಲಿನ ಸೀಟನ್ನಾಗಲಿ, ಗುಂಡಿ ಒತ್ತಿದರೆ ತೆರೆದುಕೊಳ್ಳುವ ಚಾವಣಿಯನ್ನಾಗಲಿ ಯಾರೂ ವಿಚಾರಿಸಲಿಲ್ಲ. ಸೀಟು ಬಿಸಿ ಮಾಡುವ ಸ್ವಿಚ್ಚೂ ಒಂದಿತ್ತು. ಕರಾವಳಿಯ ಸೆಖೆಯಲ್ಲಿ ಅದನ್ನು ಒತ್ತಿ ನೋಡುವ ಧೈರ್ಯ ಮೋಹನನಿಗೇ ಇರಲಿಲ್ಲ. ಎಲ್ಲರೂ ಕೇಳಿದ್ದು ಒಂದೇ: "ಮೈಲೇಜ್ ಎಷ್ಟು ಕೊಡ್ತದ್ಯೋ?"

"ಹದಿನೈದು," ಎಂದುಬಿಟ್ಟ ಮೋಹನ.

ಅದು ಕೊಡುತ್ತಿದ್ದುದು ಒಂಬತ್ತು. ಆದರೆ ಬಂದರಿನ ಬೋಟುಗಳಿಗೆಲ್ಲ ಮಂಜುಗಡ್ಡೆ ಹೋಗುತ್ತಿದ್ದುದು ಅವನ ಪ್ಲಾಂಟಿನಿಂದಲೇ ಆದ್ದರಿಂದ, ಮಂಜುಗಡ್ಡೆಯ ಜೊತೆಗೆ ಹದಿನೈದೂ ಎಲ್ಲ ಬೋಟುಗಳಿಗೆ ಹೋಯಿತು. ಬೋಟು ನಡೆಸುವ ವೆಂಕಟನೊಬ್ಬ ಮಾತ್ರ ಬೀಡಿ ಕಚ್ಚಿಕೊಂಡು, "ಹದಿನೈದಾ? ಅರ್ಧ ದಾರಿ ದಬ್ಕಂಡು ಹೋಗಿದ್ಯಾ ಹೆಂಗೆ?" ಎಂದ.

ಆಡಿದ ಸುಳ್ಳನ್ನು ನಿಜ ಮಾಡಿಯೇ ತೀರಬೇಕೆಂಬ ಹಟ ಅಂದಿನಿಂದ ಮೋಹನನಿಗೆ ಹಿಡಿಯಿತು. ಇಳಿತದ ನೀರಿನಲ್ಲಿ ಹುಟ್ಟು ಹಾಕುವುದು ದಂಡ ಎನ್ನುತ್ತಿದ್ದ ದೋಣಿಯವನ ಮಗ ಅವನು. ಹೆದ್ದಾರಿಯ ಇಳಿಜಾರು ಕಂಡರೆ ಗೇರು ತಪ್ಪಿಸಿ ಕಾರನ್ನು ಹಾಗೆಯೇ ತೇಲಲು ಬಿಡುತ್ತಿದ್ದ. ಹೆಚ್ಚಿನ ಭಾರವೆಂದು ಸ್ಟೆಪ್ನಿ ಟೈರನ್ನು ಕಳಚಿ ಪ್ಲಾಂಟಿನ ಮೂಲೆಯಲ್ಲಿಟ್ಟ. ಏಸಿ ಬಂದ್ ಮಾಡಿದ. ಬಂದ್ ಮಾಡಿದ್ದು ಊರಿಗೆ ತಿಳಿಯಬಾರದೆಂದು ಗಾಜು ಇಳಿಸಲಿಲ್ಲ. "ಬಸ್ಸಲ್ಲಾದ್ರೂ ಗಾಳಿ ಬತ್ತಿತ್ತು," ಎಂದು ಹೆಂಡತಿ ಮಾಲಿನಿ ಸೆರಗಿನಿಂದ ಬೀಸಿಕೊಂಡಳು.

ಮಂಜಿಯ ಸಂಗತಿ ನಡೆದದ್ದು ಈ ದಿನಗಳಲ್ಲೇ.

ಮಂಜಿ ಅವನ ಅಕ್ಕ. ಬಾಡದಲ್ಲಿ ಮನೆ, ಕುಮಟೆ ಪೇಟೆಯಲ್ಲಿ ಮೀನು ವ್ಯಾಪಾರ. ಹೊನ್ನಾವರದ ಬಂದರಿನಲ್ಲಿ ಮೀನು ಹೆಚ್ಚು ಬಿದ್ದ ದಿನ ಅಲ್ಲಿಗೇ ಬಂದು ಬುಟ್ಟಿ ತುಂಬಿಸಿಕೊಂಡು ಹೋಗುತ್ತಿದ್ದಳು. ಅಂದು ಮೋಹನ ಪಂಪಿನಲ್ಲಿ ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿ, ಗಾಳಿ ಹೋಗಲೆಂದು ಕಾರನ್ನು ತೊಟ್ಟಿಲಿನಂತೆ ಅಲ್ಲಾಡಿಸಿ, ಮತ್ತಷ್ಟು ಹಾಕಿಸಿ, ಮೀಟರನ್ನು ಸೊನ್ನೆಗೆ ತಂದು ಕುಮಟೆಯ ಕಡೆ ಹೊರಟಿದ್ದ. ಬಸ್ ಸ್ಟಾಪಿನಲ್ಲಿ ಅಕ್ಕ ನಿಂತಿದ್ದಳು. ಮೀನುಬುಟ್ಟಿ ಕಂಡು ಕಂಡಕ್ಟರ್ ಹತ್ತಿಸಿಕೊಂಡಿರಲಿಲ್ಲ. ಹತ್ತು ಜನ ನೋಡುತ್ತಿದ್ದುದರಿಂದ ಮೋಹನ ಕಾರು ನಿಲ್ಲಿಸಿದ.

"ತಮ್ಮಾ! ದೇವ್ರು ಕಳ್ಸದಂಗೆ ಬಂದೆ ನೋಡು," ಎಂದು ಮಂಜಿ ಬುಟ್ಟಿಗೆ ಕೈ ಹಾಕಿದಳು. ಬುಟ್ಟಿಯ ತಳದಿಂದ ಬಂಗಡೆಯ ನೀರು ತೊಟ್ಟಿಕ್ಕುತ್ತಿತ್ತು. ಮೋಹನ ಆ ನೀರನ್ನು ನೋಡಿದ, ಕೆನೆಬಣ್ಣದ ಸೀಟನ್ನು ನೋಡಿದ.

"ಅಕ್ಕಾ, ಇವತ್ತು ಮೈಲೇಜ್ ನೋಡ್ತಾ ಇದ್ದೆ. ಟ್ಯಾಂಕ್ ಫುಲ್ ಮಾಡ್ಸಿದ್ದೆ. ಭಾರ ಬಿದ್ರೆ ಲೆಕ್ಕ ತಪ್ಪೋತದೆ."

ಇದರಲ್ಲಿ ಸುಳ್ಳೆಂಬುದು ಒಂದಕ್ಷರವೂ ಇರಲಿಲ್ಲ. ಆಮೇಲೆ ಅವನನ್ನು ಹೆಚ್ಚು ಕಾಡಿದ್ದೂ ಅದೇ.

"ಹೌದಾ? ಹಂಗಾರೆ ಬ್ಯಾಡ, ಬ್ಯಾಡ," ಎಂದು ಮಂಜಿ ತಪ್ಪು ತನ್ನದೆಂಬಂತೆ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು. "ಮೊದ್ಲೇ ಹೇಳುಕಾಗಲ್ವಾ? ನೀ ಹೋಗು."

ಆ ದಿನದ ಲೆಕ್ಕ ಹನ್ನೊಂದಕ್ಕೆ ಬಂತು. ಸಂಜೆಯವರೆಗೂ ಮೋಹನ ಖುಷಿಯಾಗಿದ್ದ. ಸಂಜೆ ಕುಮಟೆ ಪೇಟೆಯಿಂದ ಬಂದ ವೆಂಕಟ ಪ್ಲಾಂಟಿನ ಬಾಗಿಲಲ್ಲೇ ನಗತೊಡಗಿದ.

"ನಿನ್ನಕ್ಕ ಪೇಟೆ ತುಂಬ ಹೇಳ್ತಾ ಇದ್ಲು. ತಮ್ಮನ ಕಾರು ಬಂಗಾರ ತೂಗೂ ತಕ್ಕಡಿ ಇದ್ದಂಗಂತೆ, ಒಂದು ಬುಟ್ಟಿ ಬಂಗ್ಡೆ ಇಟ್ರೂ ಅದ್ಕೆ ಗೊತ್ತಾಗ್ತದಂತೆ. ಬುಟ್ಟಿ ಬಂಗ್ಡೆಗೆ ಏದುಸಿರು ಬಿಡೂ ಕಾರು ಎಂತಕ್ಕೋ ಮಾರಾಯ? ಕತ್ತೆ ತಂದಿದ್ರೆ ಆಗ್ತಿತ್ತು."

ಪೇಟೆಯ ಹೆಂಗಸರು ನಕ್ಕಿರಬೇಕು. ಮಂಜಿಗೆ ಆ ನಗೆ ತಿಳಿಯಿತೋ ಇಲ್ಲವೋ, ಮೋಹನನಿಗೆ ಗೊತ್ತಾಗಲಿಲ್ಲ. ನಾಳೆ ಬಾಡಕ್ಕೆ ಹೋಗಿ ಬರಬೇಕು ಎಂದುಕೊಂಡ. ಆ ನಾಳೆಗೆ ತಾನಾಗಿಯೇ ಬರುವ ಅಭ್ಯಾಸವಿರಲಿಲ್ಲ. ಆಮೇಲೆ ಅವನ ಕಾರು ದೂರದಲ್ಲಿ ಕಂಡರೆ ಸಾಕು, ಸ್ಟಾಪಿನಲ್ಲಿದ್ದ ಮಂಜಿ ನಾಲ್ಕು ಹೆಜ್ಜೆ ಹಿಂದೆ ಸರಿದು ಉಳಿದವರ ಬೆನ್ನ ಮರೆಗೆ ನಿಲ್ಲುತ್ತಿದ್ದಳು. ತಮ್ಮನಿಗೆ ನಿಲ್ಲಿಸಬೇಕಾದ ಮುಲಾಜು ಬೇಡವೆಂದು. ಅಲ್ಲಿಂದಲೇ ಕೈ ಬೀಸುತ್ತಿದ್ದಳು.

ಮಗಳು ಸುಪ್ರಿಯಾಗೆ ಭಟ್ಕಳದ ಮುಟ್ಟಳ್ಳಿಯಿಂದ ಸಂಬಂಧ ಬಂತು. ಗಂಡಿನ ಮನೆ ನೋಡಲು ಹೋಗುವಾಗ ಹೊಸಿಲು ಮೊದಲು ದಾಟುವವಳು ಹುಡುಗಿಯ ಸೋದರತ್ತೆ, ಇದು ಅವರ ಮನೆತನದ ಪದ್ಧತಿ. ಬಾವಿ, ಒಲೆ, ಅತ್ತೆಯಾಗುವವಳ ಮುಖ ಎಲ್ಲ ನೋಡಿ ಅವಳು "ಆತು" ಎಂದರೆ ಆಯಿತು. ಅಕ್ಕ ತನ್ನ ಕಾರಿನಿಂದಲೇ ಅಲ್ಲಿ ಇಳಿಯಬೇಕು ಎಂದು ಮೋಹನ ನಿಶ್ಚಯಿಸಿದ. ಕಳೆದದ್ದನ್ನು ತುಂಬಿಕೊಡಲು ಅವನಿಗೆ ತೋಚಿದ ದಾರಿ ಅದೊಂದೇ.

ಹೊರಡುವ ದಿನ ಬೆಳಿಗ್ಗೆ ಬಾಡಕ್ಕೆ ಹೋದಾಗ ನೆಂಟರೆಲ್ಲ ಟೆಂಪೋ ಹತ್ತುತ್ತಿದ್ದರು. ಮಂಜಿ ರೇಷ್ಮೆ ಸೀರೆಯುಟ್ಟು ತುರುಬಿಗೆ ಅಬ್ಬಲಿಗೆ ಮುಡಿದಿದ್ದಳು. ಮಾಲಿನಿ ಮೊದಲೇ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಮೋಹನ ಮುಂದಿನ ಬಾಗಿಲು ತೆರೆದು ಹಿಡಿದ.

"ನಾ ಟೆಂಪೋದಲ್ಲೇ ಬತ್ತೆ," ಎಂದಳು ಮಂಜಿ.

"ಮುಂದಿನ ಸೀಟು ನಿಂಗೇ ಅಂತ ಬಿಟ್ಟಿದ್ದೆ ಅಕ್ಕಾ."

"ಮಾಲಿನಿ ಇದ್ದಾಳೆ, ಹಣ್ಣು ಕಾಯಿ ಎಲ್ಲ ತುಂಬಿದೆ. ಅದ್ರ ಮೇಲೆ ನಾನೂ ಕೂತ್ರೆ? ಬೀಗರ ಎದ್ರು ಕಾರು ತಿಣುಕಿದ್ರೆ ಮರ್ಯಾದಿ ಹೋಗುದು ನಮ್ದೇ."

"ಮೈಲೇಜಿನ ಕತೆ ಬಿಡೇ. ಅದು ಅವತ್ತಿಗೆ ಅಷ್ಟೇ."

"ಅವತ್ತು ಬುಟ್ಟಿ ಭಾರ, ಇವತ್ತು ನಾ ಹಗುರವಾ? ಬಂಗ್ಡೆಗಿಂತ ಸಣಕಲಾಗಿದ್ನಾ ನಾನು?"

ಟೆಂಪೋದ ಹೆಂಗಸರು ಗೊಳ್ಳೆಂದರು. ಮಂಜಿಯೂ ನಕ್ಕಳು. ಮೋಹನ ಅವಳ ಹತ್ತಿರ ಹೋಗಿ ದನಿ ತಗ್ಗಿಸಿದ.

"ಅಕ್ಕಾ, ಅವತ್ತು ಅದು ಭಾರದ್ದಲ್ಲ..."

"ಮತ್ತೆಂತದ್ದು?"

ಮುಖವೆತ್ತಿ ನಿಜಕ್ಕೂ ಕೇಳುತ್ತಿದ್ದಳು. ಶಾಲೆಗೆ ಹೊರಡುವಾಗ ಅವನ ತಲೆ ಬಾಚುತ್ತಿದ್ದ ಕೈಯಲ್ಲೂ ಬಂಗಡೆಯ ವಾಸನೆಯೇ ಇತ್ತು. ಆಗ ಅದು ವಾಸನೆ ಎಂದು ಅವನಿಗೆ ತಿಳಿದಿರಲಿಲ್ಲ. ಈಗ ಅಕ್ಕನನ್ನು ಕಾರು ಹತ್ತಿಸಬೇಕಾದರೆ ನಿಜ ಹೇಳಬೇಕು. ಆ ನಿಜ ಕೇಳಿದ ಮೇಲೆ ಅವಳು ಹತ್ತುವುದಿಲ್ಲ.

"ಎಂತ ಇಲ್ಲ," ಎಂದ.

"ಆತು, ಹಂಗಾರೆ ಹೊರಡು. ಹೊತ್ತಾಗ್ತದೆ."

ಟೆಂಪೋ ಕಪ್ಪು ಹೊಗೆ ಬಿಡುತ್ತ ಮುಂದೆ ಹೊರಟಿತು. ಚತುಷ್ಪಥದಲ್ಲಿ ಅದನ್ನು ದಾಟಲು ಈ ಕಾರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕಿತ್ತು. ಮೋಹನ ದಾಟಲಿಲ್ಲ. ಮೊದಲು ಇಳಿಯಬೇಕಾದವಳು ಅದರಲ್ಲಿದ್ದಾಳೆ. ಶರಾವತಿ ಸೇತುವೆ ಕಳೆಯಿತು, ಮಂಕಿ ಕಳೆಯಿತು. ಟೆಂಪೋದ ಹಿಂದಿನ ಗಾಜಿನಲ್ಲಿ ಮಂಜಿಯ ಮುಖ ಕಂಡಿತು. ತಮ್ಮ ಹೀಗೆ ತೆವಳುತ್ತ ಬರುವುದು ಅವಳಿಗೆ ಸರಿಬರಲಿಲ್ಲ. ಮುಂದೆ ಹೋಗೆಂದು ಕೈ ಮಾಡಿದಳು.

"ಅತ್ಗೆ ಕರೀತಾ ಇದ್ದಾರೆ ನೋಡಿ," ಎಂದಳು ಮಾಲಿನಿ.

"ಕರೀತಾ ಇಲ್ಲ. ಹೋಗು ಅಂತಿದ್ದಾಳೆ."

"ಮತ್ತೆ ಹೋಗಿ. ಬೀಗರು ಕಾಯ್ತಿರ್ತ್ರು."

ಮುಟ್ಟಳ್ಳಿಯ ತಿರುವಿನಲ್ಲಿ ಟೆಂಪೋದವನು ಬದಿಗೆ ಸರಿದು ನಿಲ್ಲಿಸಿ ದಾರಿ ಬಿಟ್ಟ, ಅಕ್ಕನೇ ಹೇಳಿರಬೇಕು. ಮೋಹನ ಅದರ ಹಿಂದೆಯೇ ನಿಲ್ಲಿಸಿದ. ಕಿಟಕಿಯಿಂದ ಮಂಜಿಯ ಎರಡೂ ಕೈ ಹೊರಬಂದು, ಗದ್ದೆಯಿಂದ ಕೋಳಿ ಅಟ್ಟುವಂತೆ, ಹೋಗು ಹೋಗು ಎಂದು ಬೀಸತೊಡಗಿದವು. ಅವನು ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ.